ಅಕ್ಕನ ಮಗನ ನೆತ್ತಿ: ಮಾತ್ರೆ ಶುರು ಮಾಡೋಕೆ 15 ತಿಂಗಳು ಹಿಡಿದ ಒಂದು ಪ್ರಕರಣ

2023ರ ಅಕ್ಟೋಬರ್ ಕೊನೆ. ರಾತ್ರಿ ಒಂಬತ್ತೂವರೆ. ಅಂಗಡಿ ಶಟರ್ ಅರ್ಧ ಎಳೆದಿದ್ದೆ. ಅಕ್ಕನ ಮಗ ಬಗ್ಗಿಕೊಂಡು ಒಳಗೆ ಬಂದ. ಜೇಬಿನಿಂದ ಮಡಚಿದ ಪೇಪರ್ ತೆಗೆದು ಕೌಂಟರ್ ಮೇಲೆ ಬಿಡಿಸಿದ. ಒಳಗೆ ಕೂದಲು. ಬೆಳಿಗ್ಗೆ ಸ್ನಾನ ಮಾಡುವಾಗ ಬಚ್ಚಲ ಜಾಲರಿಯಲ್ಲಿ ಸಿಕ್ಕಿದ್ದಂತೆ. ಕೂತು ಎಣಿಸಿದ್ದಾನೆ: 214.

"ಮಾವ, ಆ ಫಿನಾಸ್ಟರೈಡ್ ಮಾತ್ರೆ ಕೊಡು. ನಮ್ಮ ಕಂಪನಿ ಲೈನಲ್ಲಿ ಇಬ್ಬರು ತಗೋತಾರೆ."

ನಾನು ಕೋಲಾರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟು 20 ವರ್ಷ ದಾಟಿತು. ಬೋಳಾಗುವುದನ್ನು ತಡೆಯುವ ಆ ಮಾತ್ರೆ ಕೇಳಿಕೊಂಡು ಬರುವ ಹುಡುಗರು ಹೊಸಬರೇನಲ್ಲ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಅಂತ ಕಳಿಸುತ್ತೇನೆ, ಇನ್ನೆಲ್ಲೋ ತಗೊಂಡಿರುತ್ತಾರೆ. ಇವನನ್ನು ಹಾಗೆ ಕಳಿಸೋಕೆ ಆಗಲಿಲ್ಲ. ಹಾಗಾಗಿ ಈ ಪ್ರಕರಣದ ಮೊದಲಿಂದ ಕೊನೆವರೆಗೂ ನನಗೆ ಗೊತ್ತು. ಬರೆಯಲಾ ಅಂದಾಗ ಅವನೇ "ಬರಿ, ಹೆಸರು ಮಾತ್ರ ಬೇಡ" ಅಂದ.

ಆಗ ಅವನಿಗೆ 24 ವರ್ಷ. ನರಸಾಪುರದ ಕಂಪನಿಯೊಂದರಲ್ಲಿ ಶಿಫ್ಟ್ ಕೆಲಸ. ಆಗಸ್ಟ್‌ನಲ್ಲಿ ಡೆಂಗಿ ಬಂದು ಹನ್ನೊಂದು ದಿನ ಮಲಗಿದ್ದ. ಕೂದಲು ಉದುರೋಕೆ ಶುರುವಾಗಿದ್ದು ಅಕ್ಟೋಬರ್ ಮಧ್ಯದಲ್ಲಿ. ಈ ಎರಡು ತಿಂಗಳ ಅಂತರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮನೆಯವರ ರೋಗನಿರ್ಣಯ

ಅಕ್ಕನ ಪ್ರಕಾರ ಬೋರ್ ನೀರಿಂದ. ಭಾವನ ಪ್ರಕಾರ ಹೆಲ್ಮೆಟ್ಟಿಂದ. ಪಕ್ಕದ ಮನೆಯವರು ಇನ್ನೂ ಮುಂದೆ ಹೋಗಿ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ತುಂಬಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯ ಮೇಲೇ ಹಾಕಿದರು. ನಮ್ಮ ಕಡೆ ಸಾವಿರ ಅಡಿ ಕೊರೆದು ತೆಗೆದ ನೀರು ಗಡಸು, ನಿಜ. ಆ ನೀರಲ್ಲಿ ತೊಳೆದರೆ ಕೂದಲು ಒರಟಾಗುತ್ತೆ, ಸೋಪು ನೊರೆ ಬರಲ್ಲ. ಆದರೆ ಮಗ್‌ನಿಂದ ಸುರಿದ ನೀರು ಹಣೆಗೂ ಹಿಂದಲೆಗೂ ಒಂದೇ ಥರ ಬೀಳುತ್ತೆ ಅಲ್ವಾ? ಹಣೆಯ ಎರಡು ಮೂಲೆ ಮತ್ತು ಸುಳಿ ಮಾತ್ರ ಹುಡುಕಿಕೊಂಡು ಹೋಗಿ ಬೋಳು ಮಾಡುವ ನೀರು ಯಾವುದು? ಅದೇ ನೀರಲ್ಲಿ ತಲೆ ತೊಳೆಯುವ ಅಕ್ಕನಿಗೆ ಸೊಂಟದವರೆಗೆ ಜಡೆ ಇದೆ.

ಅವನ ಅಜ್ಜಿ ಮಾತ್ರ ಸರಿಯಾದ ಕಡೆ ಬೆರಳು ತೋರಿಸಿದರು. ನನ್ನ ತಲೆಗೆ. "ಸೋದರಮಾವನ ತಲೆ ನೋಡಿದ್ರೆ ಗೊತ್ತಾಗಲ್ವಾ?" ಅದರಲ್ಲಿ ಅರ್ಧ ಸತ್ಯವಿದೆ. ಬೋಳುತಲೆಗೆ ಸಂಬಂಧಿಸಿದ ಒಂದು ಮುಖ್ಯ ಜೀನ್ ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಉಳಿದವು ಬೇರೆ ಕ್ರೋಮೋಸೋಮುಗಳಲ್ಲಿವೆ, ತಂದೆ ಕಡೆಯಿಂದಲೂ ಬರುತ್ತವೆ. ಇವನ ಪಾಲಿಗೆ ಎರಡೂ ಕಡೆ ಬೋಳೇ: ಅವನಪ್ಪನೂ, ನಾನೂ.

ನನ್ನದು 26ಕ್ಕೆ ಶುರುವಾಗಿತ್ತು. ಆಗ ಔಷಧ ಮಾರುವವನಾಗಿಯೂ ನಾನು ಏನೂ ಮಾಡಲಿಲ್ಲ, ನಾಚಿಕೆ. 39ಕ್ಕೆ ಕೂದಲು ಬೆಳೆಸುವ ಮಿನಾಕ್ಸಿಡಿಲ್ ಔಷಧ ತಲೆಗೆ ಹಚ್ಚಿದೆ. ಎಂಟು ತಿಂಗಳು ಹಚ್ಚಿದ ಮೇಲೆ ನೆತ್ತಿಯಲ್ಲಿ ಬಂದಿದ್ದು ಎಳೆ ಮಗುವಿನ ತಲೆಯ ಮೇಲಿರುವಂಥ ನವಿರು ಕೂದಲು. ಬಿಟ್ಟೆ. ತುಂಬಾ ತಡ ಆಗಿತ್ತು. ಇದನ್ನು ಹೇಳಲು ಕಾರಣವಿದೆ: ಈ ಹುಡುಗನ ವಿಷಯದಲ್ಲಿ ಬೇಗ ಶುರು ಮಾಡಿಸುವ ಆತುರ ಎಲ್ಲರಿಗಿಂತ ಜಾಸ್ತಿ ಇದ್ದದ್ದು ನನಗೇ. ನನ್ನ ತಲೆಯ ಸಿಟ್ಟನ್ನು ಅವನ ತಲೆ ಮೇಲೆ ತೀರಿಸಿಕೊಳ್ಳಲು ಹೊರಟಿದ್ದೆ.

ಎರಡು ಬೇರೆ ಬೇರೆ ಉದುರುವಿಕೆ

ನವೆಂಬರ್ ಮೊದಲ ವಾರ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಮ್ಮ ಮೊದಲು ಮಾಡಿದ್ದು ತೀರಾ ಸರಳ ಪರೀಕ್ಷೆ. ಐವತ್ತು-ಅರವತ್ತು ಕೂದಲನ್ನು ಬೆರಳಲ್ಲಿ ಹಿಡಿದು, ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರು. ಐದಾರು ಬಂದರೆ ಚಿಂತೆ ಇಲ್ಲ. ಇವನದು ಹಿಂದಲೆಯಲ್ಲೇ ಒಂಬತ್ತು ಬಂತು. "ಹಿಂದಲೆಯಲ್ಲೂ ಬರ್ತಿದೆ ಅಂದ್ರೆ ಇದು ಜ್ವರದ್ದು" ಅಂದರು.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆಯುತ್ತೆ, ಆಮೇಲೆ ಸುಮಾರು ಮೂರು ತಿಂಗಳು ಸುಮ್ನೆ ಕೂರುತ್ತೆ, ಆಮೇಲೆ ಬೀಳುತ್ತೆ. ದಿನಕ್ಕೆ 50ರಿಂದ 100 ಬೀಳೋದು ಎಲ್ಲರಿಗೂ ಇದ್ದದ್ದೇ. ಜೋರು ಜ್ವರ ಬಂದರೆ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ಕೂತುಬಿಡುತ್ತವೆ. ಎರಡು-ಮೂರು ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಜ್ವರ ಮರೆತೇ ಹೋಗಿರುತ್ತೆ, ಅಷ್ಟರಲ್ಲಿ ಮುಷ್ಟಿ ಮುಷ್ಟಿ ಬರುತ್ತೆ. ಆಗಸ್ಟ್ ಡೆಂಗಿ, ಅಕ್ಟೋಬರ್ ಕೂದಲು. ಲೆಕ್ಕ ಸರಿಹೋಯಿತು. ಇದು ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುತ್ತೆ. ಇದಕ್ಕೆ ಫಿನಾಸ್ಟರೈಡ್ ಬೇಕಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಈ ಬರಹವೂ ಬೇಕಿರಲಿಲ್ಲ. ಡಾಕ್ಟರಮ್ಮ ದೀಪವಿರುವ ಭೂತಗನ್ನಡಿಯನ್ನು ಸುಳಿಯ ಮೇಲಿಟ್ಟು ನನಗೂ ನೋಡಿ ಅಂದರು. ಒಂದು ಕೂದಲು ದಪ್ಪ, ಪಕ್ಕದ್ದು ಅದರ ಅರ್ಧ, ಇನ್ನೊಂದು ಜೇಡರ ಬಲೆಯ ಎಳೆ. ಹಿಂದಲೆಯಲ್ಲಿ ನೋಡಿದರೆ ಎಲ್ಲಾ ಒಂದೇ ದಪ್ಪ. ಜ್ವರ ಕೂದಲನ್ನು ಉದುರಿಸುತ್ತೆ, ಸಣ್ಣ ಮಾಡಲ್ಲ. ಸಣ್ಣ ಮಾಡುವುದು ಡಿಎಚ್‌ಟಿ ಅನ್ನುವ ಹಾರ್ಮೋನು. ಗಂಡಸರ ಟೆಸ್ಟೋಸ್ಟಿರೋನನ್ನು ಒಂದು ಕಿಣ್ವ ಡಿಎಚ್‌ಟಿಯಾಗಿ ಬದಲಿಸುತ್ತೆ. ಬೋಳುತಲೆಯ ಜೀನ್‌ಗಳಿರುವವರ ನೆತ್ತಿಯಲ್ಲಿ ಅದು ಕೂದಲ ಬುಡವನ್ನು ಪ್ರತಿ ಸುತ್ತಿಗೂ ಒಂಚೂರು ಕುಗ್ಗಿಸುತ್ತಾ ಹೋಗುತ್ತೆ. ಫಿನಾಸ್ಟರೈಡ್ ಕಟ್ಟಿಹಾಕುವುದು ಆ ಕಿಣ್ವವನ್ನು. ರಕ್ತದಲ್ಲಿರುವ ಡಿಎಚ್‌ಟಿ ಮೂರರಲ್ಲಿ ಎರಡು ಪಾಲು ಇಳಿಯುತ್ತೆ.

ಅಂದರೆ ಒಂದೇ ತಲೆಯಲ್ಲಿ ಎರಡು ಸಮಸ್ಯೆ ಒಂದರ ಮೇಲೊಂದು ಕೂತಿದ್ದವು. ಹುಡುಗನನ್ನು ಹೆದರಿಸಿದ್ದು ಜ್ವರದ್ದು. ಮಾತ್ರೆ ಬೇಕಾಗಬಹುದಾದದ್ದು ಸದ್ದಿಲ್ಲದೆ ನಡೆಯುತ್ತಿದ್ದ ಇನ್ನೊಂದು. ಅವತ್ತೇ ಮಾತ್ರೆ ಶುರು ಮಾಡಿದ್ದರೆ ಏನಾಗುತ್ತಿತ್ತು? ಮಾರ್ಚ್ ಹೊತ್ತಿಗೆ ಜ್ವರದ ಉದುರುವಿಕೆ ತಾನಾಗಿ ನಿಂತಿರುತ್ತಿತ್ತು. ಮಾತ್ರೆಯ ಮಹಿಮೆ ಅಂದುಕೊಂಡು ಊರಿಗೆಲ್ಲ ಹೇಳುತ್ತಿದ್ದ. ಕೌಂಟರಿನ ಆ ಕಡೆ ನಿಂತು ಹೀಗೆ ಹೇಳುವವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೇನೆ.

ಡಾಕ್ಟರಮ್ಮ ಥೈರಾಯ್ಡು, ಕಬ್ಬಿಣದಂಶದ ಪರೀಕ್ಷೆ ಬರೆದರು, ಎರಡೂ ಸರಿಯಿದ್ದವು. "ಆರು ತಿಂಗಳು ಬಿಟ್ಟು ಬನ್ನಿ. ಅಲ್ಲಿವರೆಗೆ ಫೋಟೋ ತೆಗೀರಿ. ಎಣಿಸೋದು ನಿಲ್ಲಿಸಿ" ಅಂದರು.

ಫೋಟೋ ಮತ್ತು ತಿರುಪತಿ

ಫೋಟೋ ತೆಗೆಯೋದು ಸುಲಭ ಅಂದುಕೊಂಡಿದ್ದೆ. ಮೊದಲನೆಯದನ್ನು ಮಹಡಿ ಮೇಲೆ ಬಿಸಿಲಲ್ಲಿ ತೆಗೆದೆ, ಎಣ್ಣೆ ಹಚ್ಚಿದ ತಲೆಯಲ್ಲಿ. ಎರಡನೆಯದನ್ನು ಮರುದಿನ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ. ಪಕ್ಕಪಕ್ಕ ಇಟ್ಟರೆ ಒಂದೇ ರಾತ್ರಿಯಲ್ಲಿ ಅರ್ಧ ತಲೆ ತುಂಬಿದ ಹಾಗೆ ಕಾಣಿಸಿತು! ಆಮೇಲೆ ನಿಯಮ ಮಾಡಿಕೊಂಡೆವು. ಅಂಗಡಿ ಹಿಂದಿನ ಸ್ಟಾಕ್ ರೂಮು, ಅದೇ ಲೈಟು, ತಲೆ ತೊಳೆದು ಒಣಗಿಸಿದ ಮೇಲೆ, ಎಣ್ಣೆ ಇಲ್ಲ. ಅವನು ಅದೇ ಸ್ಟೂಲ್ ಮೇಲೆ ಕೂರಬೇಕು. ನಾನು ಮೊಬೈಲನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದ ಗುರುತಿಗೆ ತಾಗಿಸಿ ಹಿಡಿಯಬೇಕು. ಹಣೆ, ಎರಡು ಮೂಲೆ, ನೆತ್ತಿ, ಸುಳಿ. ಐದು ಫೋಟೋ, ಮೂರು ತಿಂಗಳಿಗೊಮ್ಮೆ. ಅದಕ್ಕಿಂತ ಬೇಗ ತೆಗೆದು ಪ್ರಯೋಜನವಿಲ್ಲ. ಕೂದಲು ಬೆಳೆಯೋದೇ ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರು.

2024ರ ಫೆಬ್ರವರಿಯಲ್ಲಿ ಅಕ್ಕ ತಿರುಪತಿಗೆ ಹೊರಡಿಸಿದಳು. ಡೆಂಗಿ ವಾಸಿಯಾದರೆ ಮುಡಿ ಕೊಡಿಸುತ್ತೇನೆ ಅಂತ ಹರಕೆ ಹೊತ್ತಿದ್ದಳಂತೆ. ಜೊತೆಗೆ, ಬೋಳಿಸಿದರೆ ದಟ್ಟವಾಗಿ ಬರುತ್ತೆ ಅನ್ನುವ ಆಸೆ ಬೇರೆ. ಬರಲ್ಲ. ಬ್ಲೇಡು ಚರ್ಮದ ಮೇಲೆ ಓಡುತ್ತೆ, ಕೂದಲ ಬುಡ ಅದರ ಕೆಳಗಿರುತ್ತೆ. ಮೊಂಡಾಗಿ ಕತ್ತರಿಸಿದ ತುದಿ ಕೈಗೆ ಒರಟಾಗಿ ಸಿಗುತ್ತೆ, ಅದನ್ನೇ ದಟ್ಟ ಅಂದುಕೊಳ್ಳುತ್ತೇವೆ. ಆದರೂ ನಾನು ತಡೆಯಲಿಲ್ಲ. ಹರಕೆ ಬೇರೆ ವಿಷಯ.

ಅದರಿಂದ ಒಂದು ಉಪಕಾರವಾಯಿತು. ಮೇ ಕೊನೆಯಲ್ಲಿ ಕೂದಲು ಮೂರು ಸೆಂಟಿಮೀಟರು ಬಂದಿತ್ತು, ಎಲ್ಲ ಕಡೆ ಒಂದೇ ಉದ್ದ. ಮುಚ್ಚಿಡಲು ಬಾಚಣಿಗೆಯ ಆಟ ನಡೆಯುವಷ್ಟು ಉದ್ದವಿಲ್ಲ. ಸ್ಟಾಕ್ ರೂಮಿನ ಲೈಟಲ್ಲಿ ನೋಡಿದರೆ ನಕ್ಷೆ ಬಿಡಿಸಿದ ಹಾಗಿತ್ತು. ಹಿಂದೆ, ಪಕ್ಕದಲ್ಲಿ ಕಪ್ಪಗೆ ತುಂಬಿಕೊಂಡಿದೆ. ಹಣೆಯ ಮೂಲೆ ಎರಡೂ ಒಳಗೆ ಹೋಗಿವೆ. ಸುಳಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲ ತೆಳು. ನವೆಂಬರ್ ಫೋಟೋದಲ್ಲಿ ಅದು ಇಷ್ಟು ಅಗಲ ಇರಲಿಲ್ಲ. ದಿಂಬಿನ ಮೇಲೆ ಕೂದಲು ಬೀಳುವುದು ನಿಂತಿತ್ತು. ಜ್ವರದ ಕಥೆ ಮುಗಿದಿತ್ತು. ಉಳಿದದ್ದು ನಮ್ಮ ಮನೆತನದ ಕಥೆ, ಮತ್ತು ಅದು ಮುಂದೆ ಹೋಗುತ್ತಿತ್ತು.

ಜೂನ್ 2024: ಬಾಟಲಿ ಮೊದಲು

ಡಾಕ್ಟರಮ್ಮ ಬೋಳುತಲೆ ಎಷ್ಟಾಗಿದೆ ಅಂತ ಅಳೆಯುವ ನಾರ್ವುಡ್ ಅಳತೆಯಲ್ಲಿ 3 ಅಂದರು. ಆ ಅಳತೆ 1ರಿಂದ 7ರವರೆಗೆ ಇದೆ. ನನ್ನದು 6, ಕೇಳದಿದ್ದರೂ ಹೇಳಿದರು. ಔಷಧ ಕೊಟ್ಟರೆ ಇರುವುದು ಉಳಿಯುತ್ತೆ, ಸಣ್ಣಗಾದದ್ದು ಒಂದಷ್ಟು ದಪ್ಪಗಾಗಬಹುದು, ನುಣ್ಣಗಾದ ಜಾಗಕ್ಕೆ ಕೂದಲು ಬರಲ್ಲ ಅಂತ ಬಿಡಿಸಿ ಹೇಳಿದರು. ನಿಲ್ಲಿಸಿದರೆ ಒಂದು ವರ್ಷದೊಳಗೆ ಗಳಿಸಿದ್ದೆಲ್ಲ ಹೋಗುತ್ತೆ.

ಆಮೇಲೆ ಒಂದು ಪ್ರಶ್ನೆ ಕೇಳಿದರು. "ಯಾವಾಗಾದ್ರೂ ತುಂಬಾ ಬೇಜಾರಾಗಿ, ನಿದ್ದೆ ಇಲ್ಲದೆ, ವಾರಗಟ್ಟಲೆ ಹಾಗೇ ಇದ್ದದ್ದು ಉಂಟಾ?"

ಹುಡುಗ ನನ್ನ ಕಡೆ ನೋಡಿದ. ನಾನು ಎದ್ದು ಹೊರಗೆ ಕೂತೆ. ಲಾಕ್‌ಡೌನ್ ವರ್ಷ ಡಿಗ್ರಿಯಲ್ಲಿ ಫೇಲಾಗಿ ಮೂರು ತಿಂಗಳು ಅವನು ನಿದ್ದೆ ಮಾಡಿರಲಿಲ್ಲವಂತೆ. ನನಗೂ ಅವನು ಆಮೇಲೆ ಹೇಳಿದ್ದು. ಅಕ್ಕನಿಗೆ ಈಗಲೂ ಪೂರ್ತಿ ಗೊತ್ತಿಲ್ಲ. ಫಿನಾಸ್ಟರೈಡ್‌ನ ಜೊತೆ ಬರುವ ಮಾಹಿತಿ ಹಾಳೆಯಲ್ಲಿ ಖಿನ್ನತೆಯ ಮಾತಿದೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆತ್ಮಹತ್ಯೆಯ ಯೋಚನೆಯನ್ನೂ ಸೇರಿಸಲು ಹೇಳಿತು. ಎಲ್ಲರಿಗೂ ಆಗುವಂಥದ್ದಲ್ಲ. ಆದರೆ ಹಿಂದೆ ಒಮ್ಮೆ ಹಾಗಾದವನಿಗೆ ಅವಸರದಲ್ಲಿ ಕೊಡುವ ಮಾತ್ರೆಯೂ ಅಲ್ಲ. "ಮೊದಲು ಮಿನಾಕ್ಸಿಡಿಲ್, ಆರು ತಿಂಗಳು. ಮಾತ್ರೆ ಆಮೇಲೆ ಯೋಚಿಸೋಣ" ಅಂದರು. ಈ ಪ್ರಕರಣದಲ್ಲಿ ಅತ್ಯಂತ ಬೆಲೆ ಬಾಳುವ ಎರಡು ನಿಮಿಷ ಅದೇ ಅಂತ ನನಗನ್ನಿಸುತ್ತೆ. ಕೌಂಟರಿನಲ್ಲಿ ನಿಂತು ನಾನು ಆ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ.

ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿ ಬಂದದ್ದು. ತಗೊಂಡವರಿಗೆ ಮೈಮೇಲೆಲ್ಲ ಕೂದಲು ಬಂತು, ಅಲ್ಲಿಂದ ತಲೆಗೆ ಹಚ್ಚುವ ಔಷಧವಾಯಿತು. 60 ಮಿ.ಲೀ. ಬಾಟಲಿ. ಬೆಳಿಗ್ಗೆ 1 ಮಿ.ಲೀ., ರಾತ್ರಿ 1 ಮಿ.ಲೀ. ಒಂದು ತಿಂಗಳಿಗೆ ಸರಿ. ಅವನ ಮನೆಯಲ್ಲಿ ಬೆಕ್ಕಿದೆ, ಅದು ದಿಂಬಿನ ಮೇಲೇ ಮಲಗೋದು. ಈ ಔಷಧ ಬೆಕ್ಕಿಗೆ ವಿಷ, ನೆಕ್ಕಿದರೂ ಸಾಯಬಹುದು. ಬೆಕ್ಕನ್ನು ರೂಮಿನಿಂದ ಹೊರಗೆ ಹಾಕಿಸಿದೆ. ಇದಕ್ಕೆ ಮಾತ್ರ ಮನೆಯಲ್ಲಿ ಯಾರೂ ವಾದ ಮಾಡಲಿಲ್ಲ.

ಐದನೇ ವಾರ ಫೋನ್ ಬಂತು. "ಮಾವ, ಮತ್ತೆ ಉದುರ್ತಿದೆ. ಜಾಸ್ತಿ." ತಪ್ಪು ನನ್ನದು. ಮಿನಾಕ್ಸಿಡಿಲ್ ಹಚ್ಚಿದ ಮೊದಲ ಎರಡು ತಿಂಗಳಲ್ಲಿ ಹಳೇ ಕೂದಲನ್ನು ತಳ್ಳಿ ಹೊಸದು ಬರುತ್ತೆ, ಹಾಗಾಗಿ ಉದುರುತ್ತೆ. ಎಷ್ಟು ವರ್ಷದಿಂದ ಆ ಬಾಟಲಿ ಮಾರುತ್ತಿದ್ದೇನೆ! ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿದ ನೆನಪಿಲ್ಲ. ಎಷ್ಟು ಜನ ಈ ಐದನೇ ವಾರದಲ್ಲೇ ಬಿಟ್ಟರೋ.

ಅದೂ ಬಂದಿದ್ದು ಎಂಥ ಹೊತ್ತಲ್ಲಿ? ಆಷಾಢ ಕಳೆದು ಶ್ರಾವಣದಲ್ಲಿ ಹೆಣ್ಣು ನೋಡಲು ಹೋಗಬೇಕು. "ಅಷ್ಟರಲ್ಲಿ ಕೂದಲು ಬರುತ್ತೆ ಅಂದಿದ್ದೆ, ಇರೋದೂ ಹೋಯ್ತಲ್ಲೋ" ಅಂತ ಅಕ್ಕ ಅಂಗಡಿಗೇ ಬಂದು ಕೂಗಾಡಿದಳು. ನಾನು ಹಾಗೆ ಅಂದಿರಲಿಲ್ಲ. ಆದರೆ ಅಲ್ಲ ಅಂತಲೂ ಹೇಳಿರಲಿಲ್ಲ. ಮದುವೆಗೋ ಹೆಣ್ಣು ನೋಡೋಕೋ ಎರಡು ತಿಂಗಳು ಇರುವಾಗ ಇದನ್ನು ಶುರು ಮಾಡುವಷ್ಟು ಕೆಟ್ಟ ಮುಹೂರ್ತ ಇನ್ನೊಂದಿಲ್ಲ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಉದುರೋದು ಮೊದಲ ಎರಡು ತಿಂಗಳು. ಹುಡುಗ ಗಿಡ್ಡ ಕಟ್ಟಿಂಗ್ ಮಾಡಿಸಿಕೊಂಡು ಹೋದ. ಹಚ್ಚೋದು ಬಿಡಲಿಲ್ಲ. ನವೆಂಬರಿನಲ್ಲಿ ನಿಶ್ಚಿತಾರ್ಥವಾಯಿತು.

ಮಾತ್ರೆಯ ಪ್ರಶ್ನೆ

2025ರ ಜನವರಿ ಫೋಟೋದಲ್ಲಿ ಸುಳಿ ಒಂಚೂರು ತುಂಬಿತ್ತು. ಹಣೆಯ ಮೂಲೆ ಮಾತ್ರ ಇನ್ನೂ ಹಿಂದೆ ಹೋಗಿತ್ತು. ಬಾಟಲಿ ಕೂದಲನ್ನು ಬೆಳೆಸುತ್ತೆ, ಡಿಎಚ್‌ಟಿಯನ್ನು ಮುಟ್ಟಲ್ಲ. ಈಗ ಮಾತ್ರೆಯ ಮಾತು ಮತ್ತೆ ಬಂತು.

ಅಕ್ಕ ಒಂದು ದಿನ ತನ್ನ ಮಾವನವರ ಔಷಧದ ಡಬ್ಬಿಯಿಂದ ಸ್ಟ್ರಿಪ್ ಹಿಡಿದುಕೊಂಡು ಬಂದಳು. "ನೋಡೋ, ಇದೇ ಹೆಸರು. ಇದು ವಯಸ್ಸಾದವರಿಗೆ ಮೂತ್ರ ಕಟ್ಟಿದರೆ ಕೊಡೋದು. ಮದುವೆ ಆಗೋ ಹುಡುಗನಿಗೆ ಕೊಡ್ತೀಯಾ?" ಅವಳು ಹೇಳಿದ್ದು ಸರಿಯೇ. ಅದು 5 ಮಿ.ಗ್ರಾಂ., ಪ್ರಾಸ್ಟೇಟ್ ಗ್ರಂಥಿ ದಪ್ಪಗಾದವರಿಗೆ 1992ರಲ್ಲಿ ಬಂದದ್ದು. ಕೂದಲಿಗೆ 1 ಮಿ.ಗ್ರಾಂ., ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರ ಡಿಸೆಂಬರಿನಲ್ಲಿ. ಇದರ ಸುಳಿವು ಸಿಕ್ಕಿದ ಕಥೆಯೇ ಸೊಗಸಾಗಿದೆ. ಡೊಮಿನಿಕನ್ ರಿಪಬ್ಲಿಕ್ ದೇಶದ ಹಳ್ಳಿಗಳಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣಿನಂತೆ ಕಂಡು, ಹರೆಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಡಿಎಚ್‌ಟಿ ಮಾಡುವ ಕಿಣ್ವ ಅವರಲ್ಲಿ ಕೆಲಸ ಮಾಡುತ್ತಿರಲಿಲ್ಲ ಅಂತ 1974ರಲ್ಲಿ ಪ್ರಕಟವಾಯಿತು. ಅವರ ಪ್ರಾಸ್ಟೇಟ್ ಚಿಕ್ಕದು, ಹಣೆ ಹಿಂದೆ ಸರಿಯಲ್ಲ. ಆ ಕಿಣ್ವವನ್ನು ಮಾತ್ರೆಯಿಂದ ತಡೆದರೆ ಹೇಗೆ ಅನ್ನುವ ಯೋಚನೆ ಅಲ್ಲಿಂದ ಹುಟ್ಟಿತು. ಗರ್ಭಿಣಿಯರು ಪುಡಿಯಾದ ಮಾತ್ರೆ ಮುಟ್ಟಬಾರದು ಅನ್ನೋದೂ ಇದಕ್ಕೇ. ಹೊಟ್ಟೆಯಲ್ಲಿರುವುದು ಗಂಡು ಮಗುವಾದರೆ ಅಂಗ ಸರಿಯಾಗಿ ರೂಪುಗೊಳ್ಳಲು ಡಿಎಚ್‌ಟಿ ಬೇಕು. ದುಡ್ಡು ಉಳಿಸಲು ಅಜ್ಜನ 5 ಮಿ.ಗ್ರಾಂ. ಮಾತ್ರೆಯನ್ನು ಬ್ಲೇಡಲ್ಲಿ ನಾಲ್ಕು ತುಂಡು ಮಾಡುವವರು ಇದ್ದಾರೆ. ಮನೆಯಲ್ಲಿ ಹೊಸ ಸೊಸೆ ಇರುವಾಗ ಆ ಪುಡಿ ಅಡುಗೆಮನೆ ಕಟ್ಟೆ ಮೇಲೆ ಬಿದ್ದಿರುವುದು ಸರಿಯಲ್ಲ.

ಅಕ್ಕ ಬಾಯಿಬಿಟ್ಟು ಕೇಳದ ಪ್ರಶ್ನೆಯನ್ನು ಹುಡುಗ ಡಾಕ್ಟರಿಗೆ ನೇರವಾಗಿ ಕೇಳಿದ. ಅವರು 1,553 ಗಂಡಸರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದ ಲೆಕ್ಕ ಇಟ್ಟರು. ಮೊದಲ ವರ್ಷ ಕಾಮಾಸಕ್ತಿ, ನಿಮಿರುವಿಕೆಯಂಥ ಲೈಂಗಿಕ ತೊಂದರೆ ಹೇಳಿದವರು ಮಾತ್ರೆ ತಗೊಂಡವರಲ್ಲಿ ನೂರಕ್ಕೆ ಸುಮಾರು 4, ಹೋಲಿಕೆಗೆ ಔಷಧವಿಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ 2. ಹೆಚ್ಚಿನವರಿಗೆ ನಿಲ್ಲಿಸಿದ ಮೇಲೆ ಹೋಗುತ್ತೆ. ಕೆಲವರು ನಿಲ್ಲಿಸಿದರೂ ಹೋಗಲಿಲ್ಲ ಅಂದಿದ್ದಾರೆ, 2012ರಲ್ಲಿ ಎಫ್‌ಡಿಎ ಅದನ್ನೂ ಮಾಹಿತಿ ಹಾಳೆಗೆ ಸೇರಿಸಿತು. ಲಾಭದ ಕಡೆ ಐದು ವರ್ಷದ ಲೆಕ್ಕ ಇದೆ: ಸುಳಿಯ ಫೋಟೋ ನೋಡಿ ಹೇಳಿದ ಪ್ರಕಾರ ಮಾತ್ರೆಯವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಇದ್ದದ್ದು ಉಳಿಯಿತು ಅಥವಾ ಹೆಚ್ಚಾಯಿತು. ಖಾಲಿ ಮಾತ್ರೆಯವರಲ್ಲಿ ನಾಲ್ಕಕ್ಕೆ ಒಬ್ಬರಿಗೆ ಮಾತ್ರ.

ಇಷ್ಟೆಲ್ಲ ಕೇಳಿಕೊಂಡು ಬಂದವನು ಮಾತ್ರೆ ತಗೊಳ್ಳಲಿಲ್ಲ. ಮೊದಲು ನಿಶ್ಚಿತಾರ್ಥವಾದ ಹುಡುಗಿಗೆ ಹೇಳುತ್ತೇನೆ ಅಂದ. ಬೇಡ, ಸುಮ್ನೆ ಯಾಕೆ ಅಂದೆ ನಾನು. ಅವನು ಕೇಳಲಿಲ್ಲ. ಫೋನಲ್ಲಿ ಎಲ್ಲ ಹೇಳಿದ, ಲಾಕ್‌ಡೌನ್ ವರ್ಷದ್ದೂ ಸೇರಿಸಿ. ಅವಳು ಕೇಳಿದ್ದು ಒಂದೇ ಮಾತು: "ಇದು ನಿಮಗೆ ಬೇಕಾ, ನಿಮ್ಮಮ್ಮಂಗೆ ಬೇಕಾ?"

ಉತ್ತರ ಹೇಳಲು ಎರಡು ದಿನ ಹಿಡಿಯಿತಂತೆ. ಅವನು ಪಟ್ಟಿ ಮಾಡಿಕೊಂಡ ಹಾಗೆ ನನಗೆ ಹೇಳಿದ: ಅಮ್ಮನಿಗೆ ಮದುವೆಗೆ ಬೇಕಿತ್ತು, ಅದು ಗೊತ್ತಾಯ್ತು, ಮುಗೀತು. ಮಾವನಿಗೆ ಬೇಕಿದೆ, ಅವನ ತಲೆ ಹೋಗಿದ್ದಕ್ಕೆ. ನನಗೆ? ನನಗೂ ಬೇಕು. ಕನ್ನಡಿ ಮುಂದೆ ದಿನಾ ಹತ್ತು ನಿಮಿಷ ಹೋಗ್ತಿದೆ, ಅದು ಬೇಡ. ಬಿಡಬೇಕಾದರೆ ಬಿಡ್ತೀನಿ, ಬೋಳಾದರೂ ಬದುಕ್ತೀನಿ.

15 ತಿಂಗಳು ನಾನು ಲೈಟು, ಸ್ಟೂಲು, ಪೆನ್ಸಿಲ್ ಗುರುತು ಅಂತ ಓಡಾಡಿದ್ದೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

2025ರ ಫೆಬ್ರವರಿ ಎರಡನೇ ವಾರ ಮಾತ್ರೆ ಶುರುವಾಯಿತು. ದಿನಕ್ಕೊಂದು, ಒಂದು ಟೀ ಖರ್ಚು. ಒಪ್ಪಂದ ಏನೆಂದರೆ, ನಿದ್ದೆ ಕೆಟ್ಟರೆ ಅಥವಾ ಮನಸ್ಸು ಮಂಕಾದರೆ ಯಾರನ್ನೂ ಕೇಳದೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗೋದು. ಅವನಿಗೇ ಗೊತ್ತಾಗದಿದ್ದರೆ ಹೇಳೋಕೆ ಇಬ್ಬರು, ನಾನು ಮತ್ತು ಅವಳು.

ಮೇ ತಿಂಗಳಲ್ಲಿ ಮದುವೆ. ಅದೇ ತಿಂಗಳು ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ ಆತ್ಮಹತ್ಯೆಯ ಯೋಚನೆ ಈ ಮಾತ್ರೆಯ ಅಡ್ಡಪರಿಣಾಮ ಅಂತ ಖಚಿತಪಡಿಸಿತು. ಚಪ್ಪರದ ಕೆಲಸದ ಮಧ್ಯೆ ಮೊಬೈಲಲ್ಲಿ ಓದಿ ನನ್ನ ಎದೆ ಧಸಕ್ ಅಂತು. ಅವನಿಗೆ ತೋರಿಸಿದೆ. ಡಾಕ್ಟರಿಗೆ ಫೋನ್ ಮಾಡಿದ, ಹೋಗಿ ಕೂತು ಮಾತಾಡಿ ಬಂದ, ಮುಂದುವರಿಸಿದ. ಬೇರೆಯವನಾಗಿದ್ದರೆ ನಿಲ್ಲಿಸುತ್ತಿದ್ದನೇನೋ, ಅದೂ ತಪ್ಪಾಗುತ್ತಿರಲಿಲ್ಲ.

2026ರ ಜನವರಿಯಲ್ಲಿ ಅದೇ ಸ್ಟೂಲು, ಅದೇ ಗುರುತು. ಸುಳಿಯ ನಾಣ್ಯ ಕಾಣಿಸುತ್ತಿಲ್ಲ. ಹಣೆಯ ಮೂಲೆ ಹೋದದ್ದು ಹೋಯಿತು, ಆದರೆ ಹಿಂದಿನ ಜನವರಿಗೆ ಎಲ್ಲಿತ್ತೋ ಅಲ್ಲೇ ನಿಂತಿದೆ. ಅಕ್ಕ ಹೊಸ ಫಿಲ್ಟರ್ ಹಾಕಿಸಿದ್ದಾಳೆ, ಎಲ್ಲ ಆ ನೀರಿಂದ ಅನ್ನುತ್ತಾಳೆ.

ಅದಾಗಿ ಎರಡು ವಾರಕ್ಕೆ ಸಿಟ್ಟಲ್ಲಿ ಫೋನ್ ಮಾಡಿದ. ಕಂಪನಿಯಲ್ಲಿ ರಕ್ತದಾನ ಶಿಬಿರ. ಫಾರಂನಲ್ಲಿ ಮಾತ್ರೆ ಹೆಸರು ಬರೆದದ್ದಕ್ಕೆ ವಾಪಸ್ ಕಳಿಸಿದರಂತೆ. ಸರಿಯಾಗೇ ಮಾಡಿದ್ದಾರೆ. ಆ ರಕ್ತ ಗರ್ಭಿಣಿಗೆ ಹೋದರೆ ಕಷ್ಟ, ನಿಲ್ಲಿಸಿ ಒಂದು ತಿಂಗಳಾಗಬೇಕು. ನಾನು ಹೇಳಲು ಮರೆತಿದ್ದೆ.

"ಇನ್ನೂ ಏನೇನು ಹೇಳಿಲ್ಲ ಮಾವ?"

ಯೋಚಿಸಿ ಒಂದು ಹೇಳಿದೆ. ವಯಸ್ಸಾದ ಮೇಲೆ ಪ್ರಾಸ್ಟೇಟಿಗೆ ಪಿಎಸ್‌ಎ ಅಂತ ರಕ್ತಪರೀಕ್ಷೆ ಮಾಡ್ತಾರೆ. ಈ ಮಾತ್ರೆ ತಗೊಳ್ಳುವವರಲ್ಲಿ ಅದರ ಅಂಕಿ ಸುಮಾರು ಅರ್ಧಕ್ಕೆ ಇಳಿದಿರುತ್ತೆ, ಹಾಗಾಗಿ ಪರೀಕ್ಷೆಗೆ ಮುಂಚೆ ಹೇಳಬೇಕು.

"ನನಗೀಗ 26 ಮಾವ. ಅದು ಯಾವಾಗ?"

"ಐವತ್ತಕ್ಕೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬರೆದು ಕಳಿಸು, ಸೇವ್ ಮಾಡ್ಕೋತೀನಿ" ಅಂದ.